ಚುಚ್ಚುವ ಉಣ್ಣೆಯ ಪರವಾಗಿ

ಪುಣೆಯಲ್ಲಿ ಈಗ ಭಾನುವಾರವೆಂದರೆ ವರ್ಕ್‌ಶಾಪುಗಳ ದಿನ. ಮಣ್ಣಿನ ಕುಂಡ, ಸೋಪು, ಮೇಣದಬತ್ತಿ, ಬ್ರೆಡ್ಡು ಎಲ್ಲವನ್ನೂ ಮಾಡಲು ಕಲಿಸುವವರಿದ್ದಾರೆ, ದುಡ್ಡು ಕೊಟ್ಟು ಕಲಿಯುವವರೂ ಇದ್ದಾರೆ. ಆ ಸಂತೆಯಲ್ಲಿ ನನ್ನದೂ ಒಂದು ಅಂಗಡಿ. ನೂಲದೆ, ನೇಯದೆ, ಬರೀ ಸೋಪು ನೀರು ಮತ್ತು ತೋಳಬಲದಿಂದ ಉಣ್ಣೆಯನ್ನು ಬಟ್ಟೆಯಾಗಿಸುವ ಫೆಲ್ಟ್ ಕೆಲಸವನ್ನು ತಿಂಗಳಿಗೆ ಎರಡು ಭಾನುವಾರ ಎಂಟೆಂಟು ಜನರಿಗೆ ಕಲಿಸುತ್ತೇನೆ. ಜವಳಿ ಎಂಜಿನಿಯರಿಂಗ್ ಓದಿ, ರಾಣೆಬೆನ್ನೂರು ಬಿಟ್ಟು ಈ ಊರಿಗೆ ಬಂದು 14 ವರ್ಷವಾಯಿತು. ವಾರವಿಡೀ ಬಟ್ಟೆಯ ಗುಣಮಟ್ಟ ಪರೀಕ್ಷಿಸುವ ನೌಕರಿ. ಭಾನುವಾರ ಸ್ಕಾರ್ಫು, ಶಾಲು, ಹೊದಿಕೆ.

ಕಲಿಯಲು ಬರುವವರ ಮೊದಲ ಬೇಡಿಕೆ ಒಂದೇ: ಮೆತ್ತಗಿರಬೇಕು. ಹಾಗಾಗಿ ಫೆಲ್ಟ್ ಕಲಿಸುವ ಬಹುತೇಕರ ಮೇಜಿನ ಮೇಲೆ ಇರುವುದು ಆಸ್ಟ್ರೇಲಿಯಾದ ಮೆರಿನೊ ಉಣ್ಣೆ. ನನ್ನ ಮೇಜಿನ ಮೇಲೂ ಇದೆ. ನನ್ನ ತಕರಾರು ಮೆರಿನೊ ಮೇಲಲ್ಲ. ಉಣ್ಣೆ ಎಂದರೆ ಮೆರಿನೊ ಮಾತ್ರ, ಉಳಿದದ್ದು ಕಸ ಎಂದು ಕಲಿಸುವುದರ ಮೇಲೆ. ಯಾಕೆಂದರೆ ಇದೇ ಪುಣೆಯ ಹೊರವಲಯದಲ್ಲಿ ಡೆಕ್ಕನಿ ಕುರಿಯ ಕರಿ ಉಣ್ಣೆ ಅಕ್ಷರಶಃ ಕಸವಾಗುತ್ತಿದೆ. ನಮ್ಮ ಹಾವೇರಿ, ಚಿತ್ರದುರ್ಗ, ಕೊಪ್ಪಳ, ಬೆಳಗಾವಿಯ ಕಂಬಳಿಗಳೆಲ್ಲ ಹುಟ್ಟಿದ್ದು ಇದೇ ಉಣ್ಣೆಯಿಂದ.

ಫೆಲ್ಟ್ ಹೇಗಾಗುತ್ತದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯ ಹಾಗೆ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿನೀರು, ಸೋಪು ತಾಗಿದಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಉಜ್ಜಿದಂತೆಲ್ಲ ಒಂದೇ ದಿಕ್ಕಿಗೆ ಸರಿಯುತ್ತವೆ, ಹುರುಪೆ ಅಡ್ಡಬರುವುದರಿಂದ ಹಿಂದಕ್ಕೆ ಬರಲಾರವು. ಹೀಗೆ ಸಿಕ್ಕಿಹಾಕಿಕೊಂಡ ಮೇಲೆ ದೇವರು ಬಂದರೂ ಬಿಡಿಸಲಾಗದು. ವಾಷಿಂಗ್ ಮಷೀನಿಗೆ ಹಾಕಿದ ಸ್ವೆಟರ್ ಮಗುವಿನ ಅಳತೆಗೆ ಇಳಿದದ್ದನ್ನು ಕಂಡವರಿಗೆ ಇದರ ಅನುಭವ ಆಗಿರುತ್ತದೆ. ಫೆಲ್ಟ್ ಎಂದರೆ ಆ ಅನಾಹುತವನ್ನೇ ಬೇಕೆಂದು, ಲೆಕ್ಕವಿಟ್ಟು ಮಾಡುವುದು.

ಲೆಕ್ಕ ಮುಖ್ಯ. 180 ಸೆಂಟಿಮೀಟರ್ ಉದ್ದ, 40 ಅಗಲದ ಸ್ಕಾರ್ಫ್ ಬೇಕಿದ್ದರೆ ನಾನು 260ಕ್ಕೆ 60ರ ಅಳತೆಯಲ್ಲಿ ಉಣ್ಣೆ ಹಾಸಿಸುತ್ತೇನೆ, ಏಕೆಂದರೆ ಶೇಕಡ 30ರಷ್ಟು ಕುಗ್ಗುತ್ತದೆ. ಮನೆಗೆ ಹೆಂಚು ಹೊದಿಸಿದ ಹಾಗೆ, ಒಂದರ ತುದಿಯ ಮೇಲೆ ಇನ್ನೊಂದು ಬರುವಂತೆ ತೆಳುವಾಗಿ ಹಾಸಬೇಕು. ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಮೇಲೆ ನೆಟ್ ಬಟ್ಟೆ ಹೊದಿಸಿ, ಉಗುರುಬೆಚ್ಚಗಿನ ಸೋಪು ನೀರು ಚಿಮುಕಿಸಿ, ಅಂಗೈಯಿಂದ ಗಾಳಿ ಹೋಗುವಂತೆ ಒತ್ತಬೇಕು. ಆಮೇಲೆ ಚಾಪೆಯ ಹಾಗೆ ಪೈಪಿಗೆ ಸುತ್ತಿ ಉರುಳಿಸುವುದು: ನೂರು ಸಲ ಈ ಕಡೆಯಿಂದ, ನೂರು ಸಲ ಆ ಕಡೆಯಿಂದ, ಬಿಚ್ಚಿ ತಿರುಗಿಸಿ ಮತ್ತೆ ನೂರು. ಎರಡು ಬೆರಳಲ್ಲಿ ಚಿವುಟಿ ಎತ್ತಿದರೆ ಎಳೆ ಬಿಡಿಯಾಗಿ ಮೇಲೆ ಬರಬಾರದು, ಇಡೀ ಬಟ್ಟೆಯೇ ಏಳಬೇಕು. ಅಲ್ಲಿಗೆ ಅರ್ಧ ಕೆಲಸ. ಉಳಿದರ್ಧ ಬಿಸಿನೀರಿನಲ್ಲಿ ಅದ್ದಿ ಮೇಜಿಗೆ ಬಡಿಯುವುದು. ಗಂಡನ ಮೇಲಿನ ಸಿಟ್ಟನ್ನೆಲ್ಲ ಇಲ್ಲಿ ತೀರಿಸಿಕೊಳ್ಳುತ್ತೇವೆ ಎಂದು ಕ್ಲಾಸಿನಲ್ಲಿ ಯಾರಾದರೊಬ್ಬರು ಪ್ರತಿ ಸಲವೂ ಹೇಳುತ್ತಾರೆ, ಎಲ್ಲರೂ ನಗುತ್ತಾರೆ.

ತೆಳು ರೇಷ್ಮೆ ಅಥವಾ ಮಲ್‌ಮಲ್ ಬಟ್ಟೆಯ ಮೇಲೆ ಉಣ್ಣೆ ಹಾಸಿದರೆ ಎಳೆಗಳು ಬಟ್ಟೆಯ ಸಂದಿಯಲ್ಲಿ ತೂರಿ ಆಚೆ ಬರುತ್ತವೆ. ಉಣ್ಣೆ ಕುಗ್ಗುವಾಗ ಬಟ್ಟೆಯನ್ನೂ ಎಳೆದುಕೊಂಡು ಸುಂದರವಾದ ಸುಕ್ಕುಗಳಾಗುತ್ತವೆ. ಇದಕ್ಕೆ ನುನೊ ಫೆಲ್ಟ್ ಎಂದು ಹೆಸರು. ನುನೊ ಎಂದರೆ ಜಪಾನಿ ಭಾಷೆಯಲ್ಲಿ ಬಟ್ಟೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ವಿಧಾನ ಇದು. ಅಂಗಡಿಗಳಲ್ಲಿ ಕಾಣುವ ಹಗುರ ಫೆಲ್ಟ್ ಸ್ಕಾರ್ಫುಗಳಲ್ಲಿ ಹೆಚ್ಚಿನವು ಇವೇ. ಇದಕ್ಕೆ ಮೆರಿನೊ ಸರಿ. ಅಲ್ಲಿ ನಾನು ವಾದ ಮಾಡುವುದಿಲ್ಲ.

ಹಾಗೆಂದು ಫೆಲ್ಟೇ ಹೊರಗಿನದು ಎಂದುಕೊಳ್ಳಬಾರದು. ಕಾಶ್ಮೀರದ ನಮ್ದಾ ಇದೇ ಕೆಲಸ. ಉಣ್ಣೆ ಹಾಸಿ, ಸೋಪು ನೀರು ಹಾಕಿ, ಸುತ್ತಿ, ತುಳಿದು ಮಾಡಿದ ಹಾಸಿನ ಮೇಲೆ ಆರಿ ಕಸೂತಿ. ಕಛ್‌ನಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ ಕೂಡ ನಮ್ದಾ ಇದೆ. ಕಛ್‌ನಲ್ಲಿ ಅದನ್ನು ಮಾಡುವವರು ಪಿಂಜಾರರು. ನಮ್ಮ ಕಡೆಯ ಪಿಂಜಾರರು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದುದು ಎಲ್ಲರಿಗೂ ನೆನಪಿರುತ್ತದೆ. ಹಿಂಜುವವರ ಕೈಗೆ ಫೆಲ್ಟ್ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಕೆಲಸದಲ್ಲಿ ನೂಲುವವರೂ ಇಲ್ಲ, ನೇಕಾರರೂ ಇಲ್ಲ. ಎಲ್ಲವೂ ನಿಂತಿರುವುದು ಉಣ್ಣೆಯನ್ನು ಎಷ್ಟು ಚೆನ್ನಾಗಿ ಹಿಂಜಿದ್ದಾರೆ ಎನ್ನುವುದರ ಮೇಲೆ.

ಈಗ ಚುಚ್ಚುವ ವಿಷಯ. ನನ್ನ ಕ್ಲಾಸಿನಲ್ಲಿ ಡೆಕ್ಕನಿ ಉಣ್ಣೆ ಮುಟ್ಟಿದವರು ಮೊದಲು ಹೇಳುವ ಮಾತು, ‘ನನಗೆ ಉಣ್ಣೆ ಅಲರ್ಜಿ.’ ಬಹುಮಟ್ಟಿಗೆ ಅದು ಅಲರ್ಜಿಯಲ್ಲ. ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಸುಮಾರು 30 ಮೈಕ್ರಾನಿಗಿಂತ ದಪ್ಪಗಿನ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಅಂಥ ಎಳೆಗಳು ನೂರಕ್ಕೆ ಐದು ದಾಟಿದರೆ ಸಾಕು, ಮೈ ಕಡಿಯತೊಡಗುತ್ತದೆ. ಸ್ಕಾರ್ಫಿಗೆ ಬಳಸುವ ಮೆರಿನೊ 18ರಿಂದ 21 ಮೈಕ್ರಾನ್. ಡೆಕ್ಕನಿಯಲ್ಲಿ ಉಣ್ಣೆಯ ಜತೆ ಕೂದಲೂ ಬೆರೆತಿರುತ್ತದೆ, ಸರಾಸರಿಯೇ 30 ದಾಟುತ್ತದೆ. ಆದ್ದರಿಂದ ‘ನಮ್ಮ ದೇಸಿ ಉಣ್ಣೆಯೂ ಮೆತ್ತಗೇ ಇರುತ್ತದೆ, ಒಗೆದಂತೆಲ್ಲ ಸರಿಹೋಗುತ್ತದೆ’ ಎಂದು ಅಭಿಮಾನದಿಂದ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಂಡವರು ಒಂದು ದಿನ ಕುತ್ತಿಗೆಗೆ ಸುತ್ತಿ, ಮರುದಿನ ಕಪಾಟಿಗೆ ಹಾಕುತ್ತಾರೆ. ಇನ್ನೆಂದೂ ಆ ಉಣ್ಣೆಯ ತಂಟೆಗೆ ಬರುವುದಿಲ್ಲ.

ಆದರೆ ನಮ್ಮಲ್ಲಿ ಕಂಬಳಿಯನ್ನು ಯಾರು ಬರಿಮೈಗೆ ಸುತ್ತಿದ್ದರು? ಅದು ಅಂಗಿಯ ಮೇಲಿನದು. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸಿಗೆ, ಕುರಿಮರಿ ಸುತ್ತಿಕೊಂಡು ಬರಲು ಜೋಳಿಗೆ, ಬೀರಪ್ಪನ ಮುಂದೆ ಗದ್ದುಗೆ. ನೇಯ್ದ ಮೇಲೆ ಹುಣಸೆಬೀಜದ ಸರಿ ಹಚ್ಚಿ ಗಡುಸು ಮಾಡುತ್ತಿದ್ದರು. ಮೆತ್ತಗಾಗಲಿ ಎಂದು ಯಾರೂ ಬಯಸಲೇ ಇಲ್ಲ. ಮಳೆಹನಿ ಹೊರಗಿನಿಂದಲೇ ಜಾರಬೇಕಿತ್ತು, ಗಾಳಿ ಒಳಗೆ ಬರಬಾರದಿತ್ತು. ಆ ಗುಣವನ್ನು ಬಿಟ್ಟು ಮೆರಿನೊ ಗುಣವನ್ನು ಅದರಲ್ಲಿ ಹುಡುಕುವುದು, ಕಂಬಳಿಯ ಮೇಲೆ ಕೂತು ಉಣ್ಣುತ್ತ ಕೂದಲು ಬಂತು ಎಂದು ಗೊಣಗಿದ ಹಾಗೆ.

ಹಾಗಾಗಿ ಮೂರು ವರ್ಷದಿಂದ ನನ್ನ ಕ್ಲಾಸು ಎರಡು ಭಾಗ. ಮೊದಲ ಭಾನುವಾರ ಮೆರಿನೊ ಸ್ಕಾರ್ಫ್. ಎರಡನೆಯ ಭಾನುವಾರ ಡೆಕ್ಕನಿ ಹೊದಿಕೆ: ಕುರ್ತಾದ ಮೇಲೋ ಶರ್ಟಿನ ಮೇಲೋ ಹಾಕಿಕೊಳ್ಳುವಂಥದ್ದು, 180ಕ್ಕೆ 70 ಸೆಂಟಿಮೀಟರ್, ತೂಕ ಸುಮಾರು 400 ಗ್ರಾಂ. ಡೆಕ್ಕನಿ ಉಣ್ಣೆ ತಾನಾಗಿ ಬೇಗ ಹಿಡಿದುಕೊಳ್ಳುವುದಿಲ್ಲ, ಬಿರುಸು. ಅದಕ್ಕೇ ನಾಲ್ಕರಲ್ಲಿ ಒಂದು ಪಾಲು ಮೆರಿನೊ ಬೆರೆಸಿ ಹಿಂಜುತ್ತೇವೆ. ಆ ಸಣ್ಣ ಎಳೆಗಳು ದಪ್ಪ ಎಳೆಗಳನ್ನು ಕಟ್ಟಿಹಾಕುತ್ತವೆ. ಕುತ್ತಿಗೆ ತಾಗುವ ಜಾಗಕ್ಕೆ ಹತ್ತಿ ಬಟ್ಟೆಯ ಪಟ್ಟಿ ಹೊಲಿಯುತ್ತೇವೆ. ಕೆಲವರು ಊರಿಂದ ತಂದ ಹಳೆಯ ಖಣದ ತುಂಡು ಹಚ್ಚಿದ್ದಾರೆ, ಕರಿಯ ಮೇಲೆ ಅದು ಬಹಳ ಒಪ್ಪುತ್ತದೆ. ಬಣ್ಣ ಹಾಕುವುದಿಲ್ಲ. ಕರಿ, ಕಂದು, ಬೂದು ಕುರಿಯ ಮೈಯಲ್ಲೇ ಇದೆ. ಉರುಳಿಸುವ ಶ್ರಮ ಮೆರಿನೊಗಿಂತ ಎರಡರಷ್ಟು. ಮೊದಲ ಭಾನುವಾರಕ್ಕೆ ಎಂಟು ಜನ ಬಂದರೆ ಎರಡನೆಯದಕ್ಕೆ ನಾಲ್ಕು ಜನ. ನಾಲ್ಕೇ ಸಾಕು.

ಈ ಉಣ್ಣೆ ನನಗೆ ಸಿಗುವುದು ಕುರಿಗಾಹಿಗಳಿಂದ ನೇರವಾಗಿ. ಫಲಟಣ, ಬಾರಾಮತಿ ಕಡೆಯ ಧನಗರರು ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಪುಣೆ ದಾಟಿ ಕೊಂಕಣದತ್ತ ಹೋಗುತ್ತಾರೆ. ಸಾಸವಡ ರಸ್ತೆಯಲ್ಲಿ ಬೀಡುಬಿಟ್ಟಿದ್ದ ಒಂದು ಕುಟುಂಬದ ಹತ್ತಿರ ನಾನು ನನ್ನ ಹರಕು ಮರಾಠಿಯಲ್ಲಿ ಉಣ್ಣೆ ಕೇಳಿದಾಗ, ಆ ಹೆಂಗಸು ಕನ್ನಡದಲ್ಲಿ ತಿರುಗಿ ಕೇಳಿದರು, ‘ಯಕ್ಕಾ, ನೀವು ಆ ಕಡೆಯವರೇನು?’ ಅವರದು ಜತ್ತ ತಾಲ್ಲೂಕು, ಮನೆಮಾತು ಕನ್ನಡ. ‘ಈ ಉಣ್ಣಿ ಒಯ್ದು ಏನ್ ಮಾಡ್ತೀರಿ? ಮರಿ ಮಾರಿದ್ರ ರೊಕ್ಕ ಬರತೈತಿ. ಉಣ್ಣಿ ಮಾರಿದ್ರ ಕತ್ತರಸಾಂವನ ಕೂಲಿನೂ ಹುಟ್ಟಂಗಿಲ್ಲ ನೋಡ್ರಿ.’ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಲೇಬೇಕು, ಇಲ್ಲವಾದರೆ ಕುರಿಗೆ ಸೆಕೆ, ಹೇನು, ಉಣ್ಣಿಯ ಕಾಟ. ಕತ್ತರಿಸಿದ್ದನ್ನು ಅವರು ಬೇಲಿಯ ಬದಿಗೆ ಸುರಿದು ಮುಂದಿನ ಊರಿಗೆ ಹೋಗುತ್ತಾರೆ. ಆರಿಸಿ, ಕರಿ–ಕಂದು ಬೇರೆ ಮಾಡಿ ಕೊಟ್ಟರೆ ಕಿಲೋಗೆ 100 ರೂಪಾಯಿ ಕೊಡುತ್ತೇನೆ ಎಂದಾಗ ಆಕೆ ನಂಬಲಿಲ್ಲ. ಗಂಡನನ್ನು ಕರೆದು ಮತ್ತೊಮ್ಮೆ ಹೇಳಿಸಿದರು.

ಅವರದು ಸರಿಯಾದ ಲೆಕ್ಕವೇ. ಮೆರಿನೊ ಕುರಿ ವರ್ಷಕ್ಕೆ ನಾಲ್ಕೈದು ಕಿಲೋ ಉಣ್ಣೆ ಕೊಡುತ್ತದೆ, ಡೆಕ್ಕನಿ ಕೊಡುವುದು ಅರ್ಧ ಕಿಲೋ ಆಸುಪಾಸು. ಕುರಿಗಾಹಿ ಬದುಕುವುದು ಮಾಂಸದಿಂದ. ಅದಕ್ಕೇ ಉಣ್ಣೆಯಿಲ್ಲದ, ಬೇಗ ಬೆಳೆಯುವ ತಳಿಗಳು ಹಿಂಡಿಗೆ ಸೇರುತ್ತಿವೆ. ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಗುಣ ಸೇರಿಸಿ ಅವಳಿ ಮರಿ ಹಾಕುವ ‘ನಾರಿ ಸುವರ್ಣ’ವನ್ನು ಬೆಳೆಸಿದ್ದೂ ಮರಿಯ ಆದಾಯಕ್ಕಾಗಿಯೇ. ಯಾರನ್ನೂ ದೂರಲಾಗದು. ಆದರೆ ಡೆಕ್ಕನಿ ಹೋದರೆ ಕಂಬಳಿ ಮಗ್ಗಗಳಿಗೆ ಬೇರೆ ದಾರಿಯಿಲ್ಲ. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಾಗಲಿ, ಚಳ್ಳಕೆರೆಯಲ್ಲಾಗಲಿ ಈ ಕೆಲಸ ನಂಬಿಕೊಂಡವರಿಗೆ ಇದು ಸೊಬಗಿನ ಪ್ರಶ್ನೆಯಲ್ಲ.

ಸುರೇಶ್ ಎರಿಯಾಟ್ ಅವರು ಡೆಕ್ಕನಿ ಉಣ್ಣೆಯಿಂದಲೇ ಗೊಂಬೆಗಳನ್ನು ಮಾಡಿ ತೆಗೆದ ‘ದೇಸಿ ಊನ್’ ಎಂಬ ಕಿರು ಅನಿಮೇಷನ್ ಚಿತ್ರ 2025ರಲ್ಲಿ ಫ್ರಾನ್ಸಿನ ಆನ್ಸಿ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆಮೇಲೆ ಒಂದಷ್ಟು ದಿನ ನನ್ನ ಎರಡನೆಯ ಭಾನುವಾರಕ್ಕೂ ವಿಚಾರಣೆಗಳು ಬಂದವು. ಬಂದವರಲ್ಲಿ ಹಲವರು ಫೋಟೊಗೆ ಬಂದವರು, ಇರಲಿ. ಇಬ್ಬರು ಉಳಿದರು. ಒಬ್ಬರು ಈಗ ತಮ್ಮ ಮನೆಯ ಮಾಳಿಗೆಯಲ್ಲೇ ಕಲಿಸುತ್ತಿದ್ದಾರೆ.

ಬೆಲೆಯ ಮಾತು ಬಂದಾಗ ನಾನು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇನೆ. ಸ್ಕಾರ್ಫಿಗೆ 60 ಗ್ರಾಂ ಮೆರಿನೊ, ಕಿಲೋಗೆ 3,000ದಂತೆ 180 ರೂಪಾಯಿ. ರೇಷ್ಮೆ ಬಟ್ಟೆ 200. ಐದು ಗಂಟೆಯ ಕೆಲಸಕ್ಕೆ ಗಂಟೆಗೆ 150ರಂತೆ 750. ಅಲ್ಲಿಗೆ 1,130. ದೀಪಾವಳಿ ಉಡುಗೊರೆಗೆಂದು ಇನ್ನೂರು ಸ್ಟೋಲ್ ಕೇಳಿದ ಕಂಪನಿಯೊಂದು ಹೇಳಿದ ದರ ತಲಾ 400. ‘ಹ್ಯಾಂಡ್‌ಮೇಡ್ ಎಂಬ ಚೀಟಿ ಮಾತ್ರ ಮರೆಯಬೇಡಿ ಮೇಡಂ’ ಎಂದರು. ಇಂಥ ಕಡೆ ಇಲ್ಲ ಎನ್ನುವುದನ್ನೂ ನಾನು ಪಾಠದ ಭಾಗವಾಗಿಯೇ ಕಲಿಸುತ್ತೇನೆ. ಎರಡು ತಾಸಿನಲ್ಲಿ ಸ್ಕಾರ್ಫ್ ಕಲಿಸುತ್ತೇವೆ ಎನ್ನುವ ಜಾಹೀರಾತುಗಳೂ ಇದೇ ಜಾತಿಗೆ ಸೇರಿದವು. ಎರಡು ತಾಸಿನಲ್ಲಿ ಒದ್ದೆ ಉಣ್ಣೆ ಸಿದ್ಧವಾಗುತ್ತದೆ, ಬಟ್ಟೆಯಲ್ಲ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಅದು ಎಳೆ ಬಿಟ್ಟು ಜಾಳಾಗುತ್ತದೆ.

ಡೆಕ್ಕನಿ ಹೊದಿಕೆಯ ಲೆಕ್ಕದಲ್ಲಿ ಅತಿ ದುಬಾರಿ ಬಾಬತ್ತು ಯಾವುದು ಗೊತ್ತೆ? ಕುರಿಗಾಹಿಗೆ ಕೊಟ್ಟ ದುಡ್ಡಲ್ಲ, ನನ್ನ ಕೂಲಿಯೂ ಅಲ್ಲ. ತೊಳೆದು ಹಿಂಜಿಸುವುದು. ಮಣ್ಣು, ಹಿಕ್ಕೆ, ಮುಳ್ಳು ತೆಗೆಯಲು ಇಡೀ ದಿನ ಬೇಕು. ಹಿಂಜಲು ನನ್ನ ಬಳಿ ಇರುವುದು ಕೈಯಲ್ಲಿ ತಿರುಗಿಸುವ ಒಂದು ಪುಟ್ಟ ಯಂತ್ರ. ಗಂಟೆಗೆ ಇನ್ನೂರು ಗ್ರಾಂ ಕೊಟ್ಟರೆ ಹೆಚ್ಚು. ಹತ್ತಿಪ್ಪತ್ತು ಕಿಲೋದಷ್ಟು ಸಣ್ಣ ಪ್ರಮಾಣದ ಉಣ್ಣೆಯನ್ನು ತೊಳೆದು ಹಿಂಜಿಕೊಡುವ ಜಾಗ ಕುರಿಗಳಿರುವ ಕಡೆ ಇದ್ದರೆ ಅರ್ಧ ತೊಂದರೆ ತೀರುತ್ತದೆ. ನಮ್ಮ ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ, ಕಂಬಳಿ ನೇಕಾರರ ಸಹಕಾರ ಸಂಘಗಳಿವೆ. ಕುರಿ ಹೆಚ್ಚಿರುವ ತಾಲ್ಲೂಕುಗಳಲ್ಲಿ ತೊಳೆಯುವ ತೊಟ್ಟಿ ಮತ್ತು ಸಣ್ಣ ಹಿಂಜುವ ಯಂತ್ರ ಇಟ್ಟು, ಕಿಲೋ ಲೆಕ್ಕದಲ್ಲಿ ಶುಲ್ಕ ತೆಗೆದುಕೊಂಡರೆ ಸಾಕು. ಕಂಬಳಿ ನೂಲುವ ಅಜ್ಜಿಯಂದಿರಿಗೂ ಅದು ಬೇಕು, ಬೆಂಗಳೂರು, ಪುಣೆಯಲ್ಲಿ ಫೆಲ್ಟ್ ಕಲಿಸುವ ನಮ್ಮಂಥವರಿಗೂ ಬೇಕು. ನಾವು ಕಿಲೋಗೆ 400 ಕೊಟ್ಟು ಕೊಳ್ಳಲು ಸಿದ್ಧರಿದ್ದೇವೆ. ಮೆರಿನೊಗೆ ಮೂರು ಸಾವಿರ ಕೊಡುವವರಿಗೆ ಅದು ಭಾರವಲ್ಲ.

ಮುಂದಿನ ಡೆಕ್ಕನಿ ತಂಡಕ್ಕೆ ಐದು ಜನ ಹೆಸರು ಕೊಟ್ಟಿದ್ದಾರೆ. ಜತ್ತದ ಆ ಕುಟುಂಬ ದೀಪಾವಳಿ ಆದಮೇಲೆ ಈ ಕಡೆ ಬರುತ್ತದೆ. ಮೂರು ಚೀಲ ಉಣ್ಣೆ ಆರಿಸಿ ಇಟ್ಟಿರುವುದಾಗಿ ಹೋದ ವಾರ ಫೋನ್ ಮಾಡಿದ್ದರು. ಈ ಸಲ ಬಿಳಿ ಕೂದಲನ್ನೂ ಬೇರೆ ತೆಗೆದಿದ್ದಾರಂತೆ, ಅದಕ್ಕೆ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೇಳಿದರು. ಕೊಡುತ್ತೇನೆ ಎಂದೆ.