ಕದನವಿರಾಮ ಕೇಳುವವರು ಲಸಿಕೆಯ ಪಾಲನ್ನೂ ಹೇಳಬೇಕು

ಮಧ್ಯ ಅಮೆರಿಕದಲ್ಲಿ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶವಿದೆ. 1985ರಲ್ಲಿ ಅಲ್ಲಿ ಅಂತರ್ಯುದ್ಧ ಜೋರಾಗಿತ್ತು. ಆಗ ಯುನಿಸೆಫ್ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ ಅಲ್ಲಿನ ಅಧ್ಯಕ್ಷ ದುವಾರ್ತೆ ಅವರ ಮುಂದೆ ಒಂದು ಸಣ್ಣ ಬೇಡಿಕೆ ಇಟ್ಟರು. ಯುದ್ಧ ಮುಗಿಸಿ ಎಂದು ಅವರು ಕೇಳಲಿಲ್ಲ. ಮಕ್ಕಳಿಗೆ ಲಸಿಕೆ ಹಾಕಬೇಕು, ಕೆಲವು ದಿನ ಗುಂಡು ಹಾರಿಸಬೇಡಿ ಎಂದಷ್ಟೇ ಕೇಳಿದರು. ಗೆರಿಲ್ಲಾಗಳ ಜೊತೆ ಕ್ಯಾಥೊಲಿಕ್ ಚರ್ಚ್ ಮಾತಾಡಿತು. ಆ ವರ್ಷ ಮೂರು ಭಾನುವಾರ ಎರಡೂ ಕಡೆಯ ಬಂದೂಕುಗಳು ಸುಮ್ಮನಾದವು. ಸುಮಾರು ಎರಡೂವರೆ ಲಕ್ಷ ಮಕ್ಕಳಿಗೆ ಲಸಿಕೆ ಹಾಕಲಾಯಿತು. 1992ರಲ್ಲಿ ಯುದ್ಧ ಮುಗಿಯುವ ತನಕ ಪ್ರತಿವರ್ಷವೂ ಈ ಪದ್ಧತಿ ನಡೆದುಕೊಂಡು ಬಂತು.

ಹತ್ತು ವರ್ಷದ ನಂತರ ಸುಡಾನ್‌ನಲ್ಲೂ ಇಂಥದ್ದೇ ನಡೆಯಿತು. ನಾರುಹುಣ್ಣು ಎಂದರೆ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಈಗಲೂ ನೆನಪಿರಬಹುದು. ಆ ರೋಗದ ವಿರುದ್ಧ ಕೆಲಸ ಮಾಡಲು ಅವಕಾಶ ಕೊಡಿ ಎಂದು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1995ರಲ್ಲಿ ಸರ್ಕಾರ ಮತ್ತು ಬಂಡುಕೋರರನ್ನು ಒಪ್ಪಿಸಿದರು. ಕದನವಿರಾಮ ಹತ್ತಿರ ಹತ್ತಿರ ಆರು ತಿಂಗಳು ನಿಂತಿತು.

ಇನ್ನು ಕೋವಿಡ್ ಕಾಲಕ್ಕೆ ಬರೋಣ. 2020ರ ಮಾರ್ಚ್ 23ರಂದು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಇಡೀ ಜಗತ್ತಿಗೆ ಕದನವಿರಾಮದ ಕರೆ ಕೊಟ್ಟರು. ಕೆಲವರು ಓಗೊಟ್ಟರು. ಕೊಲಂಬಿಯಾದ ಇಎಲ್‌ಎನ್ ಎಂಬ ಬಂಡುಕೋರ ಸಂಘಟನೆ ಏಪ್ರಿಲ್ ಪೂರ್ತಿ ಬಂದೂಕು ಇಳಿಸಿತು. ತಿಂಗಳು ಮುಗಿಯಿತು, ವಿರಾಮವೂ ಮುಗಿಯಿತು. ಭದ್ರತಾ ಮಂಡಳಿ ಆ ಕರೆಗೆ ಬೆಂಬಲ ಕೊಡುವ ನಿರ್ಣಯ ಅಂಗೀಕರಿಸಿದ್ದು ಜುಲೈ 1ರಂದು. ನಿರ್ಣಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ಇರಬೇಕೋ ಬೇಡವೋ ಎಂದು ಅಮೆರಿಕ ಮತ್ತು ಚೀನಾ ಜಗಳವಾಡುತ್ತ ಕೂತಿದ್ದರಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಗೋರ್ನೊ ಕರಾಬಖ್‌ನಲ್ಲಿ ಯುದ್ಧ ಶುರುವಾಯಿತು. ನವೆಂಬರಿನಲ್ಲಿ ಇಥಿಯೋಪಿಯಾದ ಟಿಗ್ರೇ ಹೊತ್ತಿಕೊಂಡಿತು.

ಎಲ್ ಸಾಲ್ವಡಾರ್‌ನಲ್ಲಿ ಸಾಧ್ಯವಾದದ್ದು 2020ರಲ್ಲಿ ಯಾಕೆ ಆಗಲಿಲ್ಲ? ಕಾರಣಗಳು ಹಲವಿವೆ, ಒಂದನ್ನಂತೂ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಗ್ರಾಂಟ್ ಶಾಂತಿ ಕೇಳಲು ಹೋದಾಗ ಅವರ ಕೈಯಲ್ಲಿ ಲಸಿಕೆ ಇತ್ತು, ದಿನಾಂಕ ಇತ್ತು. ಗೆರಿಲ್ಲಾಗಳ ಹಿಡಿತದ ಹಳ್ಳಿಯ ಮಗುವಿಗೂ ಇದು ಸಿಗುತ್ತದೆ ಎಂಬ ಭರವಸೆ ಇತ್ತು. 2020ರ ಕರೆಯ ಹಿಂದೆ ಇದ್ಯಾವುದೂ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಲಸಿಕೆಯೇ ಇರಲಿಲ್ಲ ನಿಜ. ಆದರೆ ಲಸಿಕೆ ಬಂದ ದಿನ ನಿಮ್ಮ ಪಾಲು ಇಷ್ಟು ಎಂದು ಬರೆದುಕೊಡುವ ಮನಸ್ಸೂ ಯಾರಿಗೂ ಇರಲಿಲ್ಲ.

ಲಸಿಕೆ ಬಂದ ಮೇಲೆ ಆದದ್ದು ಗೊತ್ತೇ ಇದೆ. 2021ರ ಜನವರಿ 18ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಒಂದು ಲೆಕ್ಕ ಕೊಟ್ಟರು. ಆ ಹೊತ್ತಿಗೆ ಹೆಚ್ಚು ಆದಾಯದ 49 ದೇಶಗಳಲ್ಲಿ 3.9 ಕೋಟಿ ಡೋಸ್ ಹಾಕಿ ಆಗಿತ್ತು. ಅತ್ಯಂತ ಬಡ ದೇಶವೊಂದರಲ್ಲಿ ಹಾಕಿದ್ದು 25 ಡೋಸ್. ಇಪ್ಪತ್ತೈದು ಲಕ್ಷ ಅಲ್ಲ, ಇಪ್ಪತ್ತೈದು ಸಾವಿರವೂ ಅಲ್ಲ, ಬರೀ ಇಪ್ಪತ್ತೈದು. ಬಡ ದೇಶಗಳಿಗೆ ಲಸಿಕೆ ತಲುಪಿಸಲೆಂದೇ ಕಟ್ಟಿದ ಕೋವ್ಯಾಕ್ಸ್ ವ್ಯವಸ್ಥೆ 2021ರ ಕೊನೆಯೊಳಗೆ 200 ಕೋಟಿ ಡೋಸ್ ಕೊಡುವ ಗುರಿ ಇಟ್ಟುಕೊಂಡಿತ್ತು. 100 ಕೋಟಿ ದಾಟಿದ್ದೇ 2022ರ ಜನವರಿಯಲ್ಲಿ.

ಇಲ್ಲಿ ನಮ್ಮ ದೇಶದ ಮಾತೂ ಬರುತ್ತದೆ. ಕೋವ್ಯಾಕ್ಸ್ ಬಹುಪಾಲು ನೆಚ್ಚಿಕೊಂಡಿದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟನ್ನು. ಎರಡನೇ ಅಲೆ ಅಪ್ಪಳಿಸಿದಾಗ ಭಾರತ ರಫ್ತು ನಿಲ್ಲಿಸಿತು. ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಸ್ಪತ್ರೆ ಗೇಟಿನ ಮುಂದೆ ನಿಂತು ವರದಿ ಮಾಡಿದ ನಮ್ಮಂಥವರು ಅದನ್ನು ತಪ್ಪು ಎನ್ನುವುದು ಕಷ್ಟ. ಮನೆಗೆ ಬೆಂಕಿ ಬಿದ್ದಾಗ ಮೊದಲು ಮನೆಯವರನ್ನೇ ಹೊರಗೆ ತರುತ್ತೇವೆ. ಆದರೆ ನಾವು ಬಾಗಿಲು ಹಾಕಿಕೊಂಡ ಕೂಡಲೇ ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಎರಡನೇ ಡೋಸಿಗೂ ಲಸಿಕೆ ಇಲ್ಲದಂತಾಯಿತು. ಅರ್ಧ ಜಗತ್ತು ಒಂದೇ ಊರಿನ ಕಾರ್ಖಾನೆಯ ಕಡೆ ನೋಡುತ್ತ ಕೂರುವಂತೆ ಮಾಡಿದ ವ್ಯವಸ್ಥೆಯಲ್ಲೇ ಅನ್ಯಾಯವಿತ್ತು.

ಅದನ್ನು ಸರಿಪಡಿಸುವ ಪ್ರಯತ್ನವನ್ನೂ ನಮ್ಮ ದೇಶವೇ ಮಾಡಿತ್ತು ಎಂಬುದನ್ನು ಮರೆಯಬಾರದು. 2020ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಭಾರತ ಮತ್ತು ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಒಂದು ಪ್ರಸ್ತಾವ ಇಟ್ಟವು. ಕೋವಿಡ್ ಮುಗಿಯುವವರೆಗೆ ಲಸಿಕೆ, ಔಷಧ, ಪರೀಕ್ಷಾ ಕಿಟ್‌ಗಳ ಮೇಲಿನ ಪೇಟೆಂಟ್ ಹಕ್ಕುಗಳನ್ನು ಸಡಿಲಿಸಿ, ಮಾಡಬಲ್ಲವರೆಲ್ಲ ಮಾಡಲಿ ಎಂಬುದು ಅದರ ತಿರುಳು. ತೀರ್ಮಾನ ಬಂದದ್ದು 2022ರ ಜೂನ್‌ನಲ್ಲಿ. ಅದೂ ಲಸಿಕೆಯ ಪೇಟೆಂಟಿಗೆ ಮಾತ್ರ. ಔಷಧ, ಕಿಟ್ ಎರಡನ್ನೂ ಹೊರಗಿಟ್ಟರು. ಅಷ್ಟರಲ್ಲಿ ಸಾಯಬೇಕಾಗಿಲ್ಲದವರು ಎಷ್ಟೋ ಜನ ಸತ್ತುಹೋಗಿದ್ದರು.

ಚೇತರಿಕೆಯ ಹಣ ಹಂಚಿದ್ದೂ ಹೀಗೆಯೇ. 2021ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸದಸ್ಯ ದೇಶಗಳಿಗೆ 65 ಸಾವಿರ ಕೋಟಿ ಡಾಲರ್ ಬೆಲೆಯ ಮೀಸಲು ನಿಧಿ ಹಂಚಿತು. ಹಂಚಿಕೆ ನಡೆದದ್ದು ನಿಧಿಯಲ್ಲಿ ಆಯಾ ದೇಶಕ್ಕಿರುವ ಪಾಲಿನ ಪ್ರಕಾರ. ಹಾಗಾಗಿ ಇಡೀ ಆಫ್ರಿಕಾ ಖಂಡಕ್ಕೆ ಸಿಕ್ಕಿದ್ದು ಸುಮಾರು 3,300 ಕೋಟಿ, ಅಂದರೆ ನೂರರಲ್ಲಿ ಐದು. ಬರ ಪರಿಹಾರವನ್ನು ಜಮೀನು ಹೆಚ್ಚಿದ್ದವರಿಗೆ ಹೆಚ್ಚು ಕೊಟ್ಟರೆ ಹೇಗೋ ಹಾಗೆ. ಅದೇ ಹೊತ್ತಿಗೆ ಜಗತ್ತಿನ ಮಿಲಿಟರಿ ಖರ್ಚು ಮಾತ್ರ ಎಲ್ಲೂ ನಿಲ್ಲಲಿಲ್ಲ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಅದು 1.98 ಲಕ್ಷ ಕೋಟಿ ಡಾಲರ್ ಇತ್ತು, 2024ಕ್ಕೆ 2.7 ಲಕ್ಷ ಕೋಟಿ ದಾಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮಲ್ಲಿ ಬಡವರನ್ನು ಆಡಿಕೊಳ್ಳಲು ಬಳಸುತ್ತಾರೆ. ಅದು ಸರ್ಕಾರಗಳಿಗೇ ಹೆಚ್ಚು ಒಪ್ಪುತ್ತದೆ.

ಪಾಲು ಸಿಗದವರು ಮುಂದಿನ ಸಲ ಸುಮ್ಮನಿರುತ್ತಾರೆ ಎಂದುಕೊಳ್ಳಬೇಡಿ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಹೊಸ ತಳಿಯ ಕೊರೊನಾ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ಪ್ರಾಮಾಣಿಕವಾಗಿ ತಿಳಿಸಿತು. ಎರಡು ದಿನದಲ್ಲಿ ಅದಕ್ಕೆ ಒಮಿಕ್ರಾನ್ ಎಂದು ಹೆಸರಾಯಿತು, ಅಷ್ಟರಲ್ಲೇ ಶ್ರೀಮಂತ ದೇಶಗಳು ಆ ಭಾಗದ ವಿಮಾನಗಳನ್ನು ನಿಲ್ಲಿಸತೊಡಗಿದವು. ನಮ್ಮ ಹಳ್ಳಿಗಳಲ್ಲಿ ನೋಡಿದ್ದೇ ಇದು. ಮೊದಲು ಜ್ವರ ಎಂದವನ ಮನೆಗೆ ಟೇಪು ಸುತ್ತಿ, ಬಾಗಿಲಿಗೆ ನೋಟಿಸ್ ಅಂಟಿಸಿ ಸೀಲ್‌ಡೌನ್ ಮಾಡಿದರು. ಆ ಮನೆಗೆ ಹಾಲು ಕೊಡುವವರಿಲ್ಲ, ನೀರು ತಂದುಕೊಡುವವರಿಲ್ಲ. ಅದನ್ನು ಕಂಡ ಪಕ್ಕದ ಬೀದಿಯವರು ಜ್ವರ ಬಂದರೆ ಮಾತ್ರೆ ನುಂಗಿ ಒಳಗೇ ಮಲಗಿದರು, ಹೇಳಲಿಲ್ಲ. ನಿಜ ಹೇಳಿದವನಿಗೆ ದಂಡ ಬಿದ್ದರೆ ಮುಂದಿನವನು ಮುಚ್ಚಿಡುತ್ತಾನೆ. ದೇಶಗಳೂ ಹಾಗೇ ಮುಚ್ಚಿಟ್ಟರೆ ರೋಗ ಗೊತ್ತಾಗುವುದೇ ಅದು ಎಲ್ಲ ಗಡಿ ದಾಟಿದ ಮೇಲೆ.

ಹಾಗಾಗಿಯೇ 2025ರ ಮೇ 20ರಂದು ಜಿನೀವಾದಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದವನ್ನು ನಾನು ಶಾಂತಿಯ ಒಪ್ಪಂದ ಎಂದೇ ಓದುತ್ತೇನೆ. ಪರವಾಗಿ 124 ಮತ ಬಿದ್ದವು, ವಿರೋಧ ಒಂದೂ ಇಲ್ಲ, 11 ದೇಶಗಳು ತಟಸ್ಥ. ಅದರ ಜೀವಾಳ ಇರುವುದು 12ನೇ ವಿಧಿಯಲ್ಲಿ. ರೋಗಾಣುವಿನ ಮಾಹಿತಿಯನ್ನು ದೇಶಗಳು ಬೇಗ ಹಂಚಿಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ, ಒಪ್ಪಿಕೊಂಡ ಕಂಪನಿಗಳು ಸಾಂಕ್ರಾಮಿಕದ ಕಾಲದಲ್ಲಿ ತಯಾರಿಸುವ ಲಸಿಕೆ, ಔಷಧ, ಕಿಟ್‌ಗಳಲ್ಲಿ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಇದೆ. ಅದರಲ್ಲಿ ಕನಿಷ್ಠ ಶೇ 10 ಉಚಿತ, ಉಳಿದದ್ದು ಕೈಗೆಟುಕುವ ಬೆಲೆಗೆ. ಆದರೆ ಈ ಪಾಲು ಹೇಗೆ ಹಂಚಬೇಕು ಎಂಬ ವಿವರವನ್ನು ಮುಂದಿನ ಅನುಬಂಧಕ್ಕೆ ಬಿಟ್ಟರು. ಅನುಬಂಧ ಒಪ್ಪಿಗೆಯಾಗದೆ ಒಪ್ಪಂದ ಸಹಿಗೇ ತೆರೆಯುವುದಿಲ್ಲ. ಆಮೇಲೆ 60 ದೇಶಗಳು ಅನುಮೋದಿಸಬೇಕು. ಚೌಕಾಸಿ ಪೂರಾ ಈ ಒಂದು ಅನುಬಂಧದಲ್ಲೇ ಇದೆ.

ಶೇ 20 ಸಾಕೇ ಎಂದು ಕೇಳಬಹುದು. ಸಾಲದು. ಆದರೆ ಬರೆದಿಟ್ಟ ಇಪ್ಪತ್ತು ಬಾಯಿಮಾತಿನ ಪೂರ್ತಿಗಿಂತ ಮೇಲು. ಗಾಜಾದಲ್ಲಿ 25 ವರ್ಷಗಳ ನಂತರ ಪೋಲಿಯೊ ಕಾಣಿಸಿಕೊಂಡಾಗ, 2024ರ ಸೆಪ್ಟೆಂಬರಿನಲ್ಲಿ ಪ್ರದೇಶವಾರು ಕೆಲವು ಗಂಟೆ ದಾಳಿ ನಿಂತು ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಲಾಯಿತು. ಅದಾದ ಮೇಲೆ ಬಾಂಬ್ ಮತ್ತೆ ಬಿದ್ದವು, ನಿಜ. ಅಂಥ ಯುದ್ಧದಲ್ಲೂ ಲಸಿಕೆಗಾಗಿ ವಿರಾಮ ಸಿಕ್ಕಿತು ಎಂಬುದೂ ಅಷ್ಟೇ ನಿಜ.

ನ್ಯಾಯದ ಚೇತರಿಕೆ ಜಿನೀವಾದಲ್ಲಷ್ಟೇ ನಿರ್ಧಾರವಾಗುವುದೂ ಇಲ್ಲ. ಭಾರತದ ಆಶಾ ಕಾರ್ಯಕರ್ತೆಯರಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಜಾಗತಿಕ ಪ್ರಶಸ್ತಿ ಕೊಟ್ಟಿತು. ಕರ್ನಾಟಕದ ಆಶಾ ಅಕ್ಕಂದಿರು 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ಗೌರವಧನ ಮತ್ತು ಸುರಕ್ಷಾ ಸಾಮಗ್ರಿಗಾಗಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯ ಚಳಿಯಲ್ಲೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅದೇ ಗೌರವಧನದ ಮಾತಿಗೆ ಧರಣಿ ಕೂತಿದ್ದರು. ದೇಶದೇಶಗಳ ನಡುವಿನ ಲೆಕ್ಕ ಕೇಳುವ ನಾವು ಈ ಲೆಕ್ಕವನ್ನೂ ಕೇಳಬೇಕು.

ಜಿಲ್ಲಾ ಮಟ್ಟದ ವರದಿಗಾರರಿಗೆ ಇದರಲ್ಲಿ ಏನು ಕೆಲಸ ಎನ್ನುವವರಿಗೆ ನನ್ನ ಉತ್ತರ ಇಷ್ಟು. ನಿಮ್ಮ ಸಂಸದರು ಊರಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಪೇಟೆಂಟ್ ಸಡಿಲಿಕೆ ಕೇಳಿದ ಭಾರತ ಈ ಅನುಬಂಧದಲ್ಲಿ ಯಾವ ಪಾಲಿನ ಪರ ನಿಂತಿದೆ? ಮುಂದಿನ ರೋಗ ಬಂದಾಗ ಮೊದಲು ನಿಜ ಹೇಳುವ ಹಳ್ಳಿಗೆ ಟೇಪಿನ ಬದಲು ಏನು ಕೊಡುತ್ತೀರಿ? ಉತ್ತರ ಸಿಕ್ಕರೆ ಬರೆಯಿರಿ. ಸಿಗದಿದ್ದರೆ, ಪ್ರಶ್ನೆ ಕೇಳಿದೆವು, ಉತ್ತರ ಬರಲಿಲ್ಲ ಎಂದು ಬರೆಯಿರಿ.