ಬೇಲಿಯ ಪರವಾಗಿ ಎರಡು ಮಾತು

ಅಣ್ಣನ ಮಗ ಹನ್ನೆರಡು ವರ್ಷದ ಪರದೇಶವಾಸ ಮುಗಿಸಿ ನಮ್ಮೂರು ಕಟಕೋಳಕ್ಕೆ ಬಂದಾಗ ಸಾಮಾನಿನ ನಡುವೆ ಒಂದು ರಟ್ಟಿನ ಡಬ್ಬಿ ಇತ್ತು. ಒಳಗೆ ನೂರಕ್ಕೂ ಮಿಕ್ಕಿ ಡಿವಿಡಿ. ಎಲ್ಲ ಅಮೆರಿಕದಲ್ಲಿ ರೊಕ್ಕ ಕೊಟ್ಟು ತಂದವು, ಒಂದೂ ಕಳ್ಳ ಪ್ರತಿಯಲ್ಲ. ಪಡಸಾಲೆಯಲ್ಲಿ ಕುಳಿತು, ನಮ್ಮ ಮನೆಯ ಒಳ್ಳೇ ಕಂಪನಿಯ ಪ್ಲೇಯರಿಗೆ ಒಂದನ್ನು ಹಾಕಿದ. ಅದು ಗರಗರ ತಿರುಗಿ, ಪರದೆಯ ಮೇಲೆ ಒಂದು ಸಾಲು ಮೂಡಿಸಿ ಸುಮ್ಮನಾಯಿತು. ಈ ವಲಯದಲ್ಲಿ ಈ ಡಿಸ್ಕ್ ನಡೆಯದು.

"ನೋಡ್ರಿ ಕಾಕಾ, ನನ್ನ ರೊಕ್ಕದ ಸಾಮಾನು ನನ್ನ ಮನ್ಯಾಗ ನಡ್ಯಾಂಗಿಲ್ಲ ಅಂದ್ರ ಇದು ಹಾಡಹಗಲ ದರೋಡಿ ಅಲ್ಲೇನ್ರಿ?"

ಪಡಸಾಲೆಯಲ್ಲಿ ಇದ್ದವರೆಲ್ಲ ಹೌದೌದು ಅಂದರು. ನಾನೊಬ್ಬ ಅನ್ನಲಿಲ್ಲ. ಅವನ ಸಿಟ್ಟು ಸುಳ್ಳೆಂದಲ್ಲ. ಅದು ಹೊಡೆಯಬೇಕಾದ ಜಾಗ ಬೇರೆ ಎಂದು ನನಗೆ ಅನಿಸುತ್ತಿತ್ತು.

ಡಿವಿಡಿ ಮೊದಲು ಅಂಗಡಿಗೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ಮರುವರ್ಷ ಮಾರ್ಚಿನಲ್ಲಿ ಅಮೆರಿಕಕ್ಕೆ. ಅದರ ಜೊತೆಗೇ ಸಿನಿಮಾ ಕಂಪನಿಗಳು ಭೂಮಿಯನ್ನು ಆರು ಹೋಳು ಮಾಡಿದವು. ಅಮೆರಿಕ, ಕೆನಡಾ ಒಂದನೆಯದು. ಯುರೋಪು, ಜಪಾನು ಎರಡನೆಯದು. ಸಿಂಗಪುರದ ಕಡೆಯ ನಾಡುಗಳು ಮೂರು, ಆಸ್ಟ್ರೇಲಿಯಾ ಮತ್ತು ಲ್ಯಾಟಿನ್ ಅಮೆರಿಕ ನಾಲ್ಕು, ಚೀನಾಕ್ಕೆ ಅದರದೇ ಆರನೆಯ ಮನೆ. ಐದನೆಯ ಪಂಕ್ತಿಯಲ್ಲಿ ನಾವು, ಪಾಕಿಸ್ತಾನ, ರಷ್ಯಾ, ಆಫ್ರಿಕಾದ ಬಹುಭಾಗ. ಡಿಸ್ಕಿನಲ್ಲೊಂದು ಅಂಕಿ, ಯಂತ್ರದಲ್ಲೊಂದು ಅಂಕಿ. ಎರಡೂ ಕೂಡಿದರೆ ಚಿತ್ರ, ಇಲ್ಲವಾದರೆ ಇಲ್ಲ. ದೊಡ್ಡವರೂ ಇದರಿಂದ ಪಾರಾಗಲಿಲ್ಲ. 2009ರಲ್ಲಿ ಒಬಾಮ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್‌ಗೆ 25 ಹಾಲಿವುಡ್ ಚಿತ್ರಗಳ ಡಿವಿಡಿ ಉಡುಗೊರೆ ಕೊಟ್ಟರು. ಅವು ಲಂಡನ್ನಿನಲ್ಲಿ ನಡೆಯಲಿಲ್ಲವೆಂದು ಅಲ್ಲಿನ ಪತ್ರಿಕೆಗಳು ನಗಾಡಿದವು.

ಈ ಬೇಲಿ ಹಾಕಿದ್ದು ಲಾಭಕ್ಕೆ ಎಂದು ಬೈಯುತ್ತೇವೆ. ಲಾಭಕ್ಕೇ ಹೌದು. ಆಗ ಒಂದು ಚಿತ್ರ ಅಮೆರಿಕದ ಥಿಯೇಟರಿನಿಂದ ಇಳಿದು ತಿಂಗಳುಗಟ್ಟಲೆ ಆದ ಮೇಲೆ ಬೇರೆ ನಾಡಿನ ಥಿಯೇಟರಿಗೆ ಬರುತ್ತಿತ್ತು. ಅಲ್ಲಿಯ ಡಿಸ್ಕ್ ಇಲ್ಲಿಗೆ ಮೊದಲೇ ಬಂದರೆ ಥಿಯೇಟರು ಖಾಲಿ. ಇನ್ನೊಂದು ಕಾರಣ ಬೆಲೆ, ಒಂದೊಂದು ನಾಡಿಗೆ ಒಂದೊಂದು. ನಾವು ಜಾಣತನದಿಂದ ಮರೆಯುವುದು ಈ ಎರಡನೆಯದನ್ನು.

ನಮ್ಮ ಹುಡುಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ಅವನ ಪುಸ್ತಕಗಳ ರಟ್ಟಿನ ಮೇಲೊಂದು ಸಾಲು ಇರುತ್ತಿತ್ತು. ಭಾರತ, ನೇಪಾಳ, ಬಾಂಗ್ಲಾದೇಶ, ಭೂತಾನ, ಶ್ರೀಲಂಕಾಗಳಲ್ಲಿ ಮಾತ್ರ ಮಾರಾಟಕ್ಕೆ ಎಂದು. ಅದೇ ಪುಸ್ತಕಕ್ಕೆ ಅಮೆರಿಕದಲ್ಲಿ ಹಲವು ಪಟ್ಟು ಬೆಲೆ. ಅದೂ ಒಂದು ವಲಯದ ಬೇಲಿಯೇ, ಕಾಗದದ್ದು. ಆ ಬೇಲಿ ಇದ್ದುದರಿಂದಲೇ ಜೋಳ ಮಾರಿದ ದುಡ್ಡಿನಲ್ಲಿ ಅಣ್ಣ ಮಗನನ್ನು ಓದಿಸಿದ. ಆಗ ಯಾರೂ ದರೋಡೆ ಅನ್ನಲಿಲ್ಲ. ಥಾಯ್ಲೆಂಡಿನ ವಿದ್ಯಾರ್ಥಿ ಸುಪಾಪ್ ಕಿರ್ತ್ಸೆಂಗ್ ಊರಿಂದ ಅಂಥ ಅಗ್ಗದ ಪುಸ್ತಕ ತರಿಸಿ ಅಮೆರಿಕದಲ್ಲಿ ಮಾರಿದಾಗ ಪ್ರಕಾಶಕರು ಕೋರ್ಟಿಗೆ ಎಳೆದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆರು ಜನ ಈ ಕಡೆ, ಮೂರು ಜನ ಆ ಕಡೆ ನಿಂತು ಅವನ ಪರ ತೀರ್ಪು ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ಸಣ್ಣ ಭಯ. ಬೇಲಿ ಬಿದ್ದ ಮೇಲೆ ವ್ಯಾಪಾರಿ ಅಲ್ಲಿಯ ಬೆಲೆ ಇಳಿಸುತ್ತಾನೋ, ಇಲ್ಲಿಯ ಬೆಲೆ ಏರಿಸುತ್ತಾನೋ? ಸಂತೆ ಮಾಡಿದವರಿಗೆ ಉತ್ತರ ಗೊತ್ತು.

"ಹಂಗಾರ ಕನ್ನಡ ಸಿನಿಮಾ ಸಿಡಿಗೆ ಬೇಲಿ ಎಲ್ಲಿತ್ರಿ ಕಾಕಾ? ಸೋವಿನೂ ಇದ್ವು, ಎಲ್ಲಾ ಕಡೆ ನಡೀತಿದ್ವು" ಅಂದ, ಇಷ್ಟೂ ಕೇಳಿದ ಅಣ್ಣನ ಮಗ.

ಹುಡುಗ ಸರಿಯಾಗಿ ಹಿಡಿದ. ನಮ್ಮ ಸಿನಿಮಾ ಡಿವಿಡಿಗಳಲ್ಲಿ ಬಹುಪಾಲು ಎಲ್ಲ ವಲಯದವು, ಅಂದರೆ ಸೊನ್ನೆ ಅಂಕಿಯವು. ನಮ್ಮ ಟಿವಿಗಳು ಪಾಲ್ ಎಂಬ ಚಿತ್ರಪದ್ಧತಿಯವಾದರೂ ಡಿಸ್ಕುಗಳನ್ನು ಮಾತ್ರ ಹೆಚ್ಚಾಗಿ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ತಯಾರಿಸುತ್ತಿದ್ದರು. ಪರದೇಶದಲ್ಲಿರುವ ನಮ್ಮವರ ಕೈಗೂ ಮುಟ್ಟಲಿ ಎಂದು. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದ ಕಾಲದಲ್ಲಿ ಅಮೆರಿಕಕ್ಕೆ ಹೊರಟವರ ಚೀಲದಲ್ಲಿ ಚಟ್ನಿಪುಡಿ, ಖಡಕ್ ರೊಟ್ಟಿಯ ಜೊತೆ ರಾಜಕುಮಾರರ ಚಿತ್ರಗಳೂ ಇರುತ್ತಿದ್ದವು. ಆದರೆ ಆ ಸೊನ್ನೆಯನ್ನು ಔದಾರ್ಯವೆಂದು ಹೊಗಳಲು ನನಗೆ ಮನಸ್ಸಿಲ್ಲ. ಕನ್ನಡ ಚಿತ್ರಕ್ಕೆ ಆಗ ಹೊರನಾಡಿನಲ್ಲಿ ಕಾಯಬೇಕಾದ ಬೆಳೆಯೇ ಇರಲಿಲ್ಲ. ಬೆಳೆ ಇಲ್ಲದ ಹೊಲಕ್ಕೆ ಬೇಲಿ ಯಾರು ಹಾಕುತ್ತಾರೆ?

ಇಷ್ಟು ಹೇಳಿದ ಮೇಲೆ ಹುಡುಗ ಲ್ಯಾಪ್‌ಟಾಪ್ ತಂದು ತೋರಿಸಿದ. ಬೇಲಿಯ ಪರ ವಕಾಲತ್ತು ಮಾಡುತ್ತಿದ್ದ ನನ್ನ ನಾಲಿಗೆ ಸ್ವಲ್ಪ ತಡವರಿಸಿದ್ದು ಅಲ್ಲಿ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯ ಬದಲಿಸಬಹುದು, ಆದರೆ ಐದೇ ಸಲ. ಐದನೆಯ ಸಲ ಯಾವ ಅಂಕಿ ಇಡುತ್ತೀರೋ ಅದೇ ಖಾಯಂ. ಇವನು ಬೆಂಗಳೂರಿನಿಂದ ಸಿಂಗಪುರಕ್ಕೆ ಹೋದಾಗ ಐದು ಹೋಗಿ ಮೂರಾಯಿತು. ಅಲ್ಲಿಂದ ಅಮೆರಿಕಕ್ಕೆ ಹೋದಾಗ ಮೂರು ಹೋಗಿ ಒಂದಾಯಿತು. ನಡುವೆ ತಂಗಿಯ ಮದುವೆಗೆ ಬಂದು ಆರು ತಿಂಗಳು ಇಲ್ಲಿಂದಲೇ ಕೆಲಸ ಮಾಡಿದಾಗ, ಇಲ್ಲಿ ಕೊಂಡ ಹಾಲಿವುಡ್ ಡಿಸ್ಕಿಗಾಗಿ ಮತ್ತೆ ಐದು. ವಾಪಸು ಹೋಗಿ ಮತ್ತೆ ಒಂದು. ಈಗ ಉಳಿದಿರುವುದು ಕೊನೆಯ ಸರತಿ. "ಇದನ್ನ ಒತ್ತಿದ್ರ ಮುಗೀತ್ರಿ" ಅಂದ. ಒತ್ತಿದರೆ ಅಮೆರಿಕದ ಡಬ್ಬಿ ಆ ಯಂತ್ರಕ್ಕೆ ಸತ್ತ ಹಾಗೆ, ಒತ್ತದಿದ್ದರೆ ಇಲ್ಲಿಯ ಡಿಸ್ಕುಗಳು. ಒಬ್ಬ ಮನುಷ್ಯ ಆಯುಷ್ಯದಲ್ಲಿ ಎಷ್ಟು ಸಲ ನೆಲೆ ಬದಲಿಸಬಹುದು ಎಂಬುದನ್ನು ಎಲ್ಲೋ ಕುಳಿತ ಯಾರೋ ಬೆರಳೆಣಿಕೆಯಲ್ಲಿ ಬರೆದಿಟ್ಟಿದ್ದರು. ನಮ್ಮ ರಾಮದುರ್ಗ ತಾಲ್ಲೂಕಿನಿಂದ ವರ್ಷಕ್ಕೊಮ್ಮೆ ದುಡಿಯಲು ಗೋವಾಕ್ಕೆ ಹೋಗಿಬರುವವರಿಗೆ ಈ ಲೆಕ್ಕ ಹಾಕಿದ್ದರೆ ಎರಡೂವರೆ ವರ್ಷಕ್ಕೆ ಬಾಗಿಲು ಮುಚ್ಚುತ್ತಿತ್ತು.

ತಪ್ಪು ಇರುವುದು ಇಲ್ಲಿ. ಬೇಲಿ ಹಾಕಿದವರು ಮಾಲು ಗಡಿ ದಾಟುತ್ತದೆಂದು ಲೆಕ್ಕ ಹಾಕಿದರು, ಮನುಷ್ಯ ದಾಟುತ್ತಾನೆಂದು ಹಾಕಲಿಲ್ಲ. ಹಡಗಿನಲ್ಲಿ ಬರುವ ಸಾವಿರ ಡಿಸ್ಕಿನ ಪೆಟ್ಟಿಗೆಯೂ ಸಂಸಾರದೊಂದಿಗೆ ಬರುವ ಒಂದು ಡಬ್ಬಿಯೂ ಅವರಿಗೆ ಒಂದೇ. ನಮ್ಮ ಸೀಮೆಯವರಿಗೆ ಗಡಿ ಹೊಸದಲ್ಲ. 1948ರ ತನಕ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ತೊರಗಲ್ಲು ಕೊಲ್ಹಾಪುರದ ಕೈಕೆಳಗಿನ ಜಹಗೀರು. ಸವದತ್ತಿ ಬ್ರಿಟಿಷರ ಆಡಳಿತದ್ದು. ಚಕ್ಕಡಿ ಒಂದೇ ದಾರಿ ಹಿಡಿದರೂ ಸರಕಾರ ಮೂರು. ಆದರೂ ಮದುಮಗಳ ಟ್ರಂಕಿನಲ್ಲಿದ್ದ ಇಲಕಲ್ ಸೀರೆ ಗಡಿ ದಾಟಿದ್ದಕ್ಕೆ ಉಡಲು ಬಾರದ ಸೀರೆಯಾಗುತ್ತಿರಲಿಲ್ಲ.

ವ್ಯಾಪಾರದ ಪೆಟ್ಟಿಗೆಗೂ ಸಂಸಾರದ ಡಬ್ಬಿಗೂ ಇರುವ ವ್ಯತ್ಯಾಸ ನಮ್ಮ ಕಾನೂನಿಗೆ ಅಷ್ಟಿಷ್ಟು ತಿಳಿದಿದೆ ಎನ್ನಬೇಕು. ಅಮೆರಿಕದಲ್ಲಿ ಕೊಂಡ ಡಿಸ್ಕುಗಳನ್ನು ಇಲ್ಲಿಗೆ ತಂದು ಬಾಡಿಗೆಗೆ ಕೊಡುವುದು ತಪ್ಪೆಂದು ದೆಹಲಿ ಹೈಕೋರ್ಟು 2009ರಲ್ಲಿ ಹೇಳಿತು. ಅದು ವ್ಯಾಪಾರದ ಮಾತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ತಾಂತ್ರಿಕ ಬೀಗ ಒಡೆದವನಿಗೆ ಎರಡು ವರ್ಷದ ತನಕ ಸಜೆ ಎನ್ನುತ್ತದಾದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶ ಇತ್ತೇ ಎಂದು ಮೊದಲು ಕೇಳುತ್ತದೆ. ಕೊಂಡ ಚಿತ್ರವನ್ನು ಅವ್ವನ ಜೊತೆ ಕುಳಿತು ನೋಡುವವನು ಆ ಸಾಲಿನಲ್ಲಿ ಬರುತ್ತಾನೆಂದು ನನಗಂತೂ ತೋರುವುದಿಲ್ಲ.

ಈಗ ಡಿವಿಡಿ ಯಾರಿಗೆ ಬೇಕು, ಎಲ್ಲ ಮೊಬೈಲಿನಲ್ಲೇ ಬರುತ್ತದೆ, ಬೇಲಿಯ ಕಾಲ ಮುಗಿಯಿತು ಎನ್ನುತ್ತಾರೆ. ನನ್ನ ತಕರಾರು ಜೋರಾಗುವುದೇ ಈ ಮಾತಿಗೆ. 149 ರೂಪಾಯಿಯ ನೆಟ್‌ಫ್ಲಿಕ್ಸ್ ಚಂದಾ ನಮಗೆ ಸಿಗುವುದು ವಲಯದ ಬೆಲೆಯಿಂದಲೇ. ಅಗ್ಗವಾದಾಗ ಬೇಲಿ ಕಣ್ಣಿಗೆ ಕಾಣುವುದಿಲ್ಲ. ಇನ್ನು ಬೀಗ. ಡಿವಿಡಿಯ ಬೀಗ ನಮ್ಮ ಮನೆಯೊಳಗೆ ಇತ್ತು. ಚಂದಾದ ಬೀಗ ಕಂಪನಿಯವರ ಮನೆಯಲ್ಲಿದೆ. ದೇಶ ಬದಲಾದರೆ ಪಟ್ಟಿಯೇ ಬದಲು. ಯುರೋಪಿನ ಒಕ್ಕೂಟ 2018ರ ಏಪ್ರಿಲ್ ಒಂದರಿಂದ ಒಂದು ಒಳ್ಳೆಯ ನಿಯಮ ತಂದಿತು: ಚಂದಾದಾರ ಒಕ್ಕೂಟದ ಬೇರೆ ದೇಶಕ್ಕೆ ಹೋದರೂ ತನ್ನೂರಿನ ಪಟ್ಟಿ ಅವನಿಗೆ ಸಿಗಬೇಕು. ಆದರೆ ತಾತ್ಕಾಲಿಕವಾಗಿ ಹೋದವನಿಗೆ ಮಾತ್ರ. ಪ್ರವಾಸಿಗೆ ಉಂಟು, ಮನೆ ಬದಲಿಸಿದವನಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ, ನೀವು ಕೊಂಡದ್ದು ವಸ್ತುವಲ್ಲ, ಬರೀ ಪರವಾನಗಿ ಎಂದು ಆನ್‌ಲೈನ್ ಅಂಗಡಿಗಳು ಮೊದಲೇ ಹೇಳಬೇಕೆಂಬ ಕಾನೂನಿದೆ. ಹೇಳಿಯಾದರೂ ಕೊಡುತ್ತಾರೆ.

ನಮ್ಮ ಹುಡುಗನೂ ಅಲ್ಲಿ ಆನ್‌ಲೈನಿನಲ್ಲಿ ಹಲವು ಚಿತ್ರ ಕೊಂಡಿದ್ದ. ಊರಿಗೆ ಬಂದು ತೆರೆದರೆ ಅರ್ಧ ಕಾಣೆ. ಅದಕ್ಕೆ ದರೋಡೆ ಎನ್ನಲಿಲ್ಲ. "ಇಲ್ಲಿ ಇರಾಂಗಿಲ್ಲರಿ" ಅಂದು ಸುಮ್ಮನಾದ.

ಸಂಜೆಗೆ ಪಕ್ಕದ ಮನೆಯ ಹುಡುಗ ತಮ್ಮ ಪ್ಲೇಯರ್ ಹೊತ್ತು ತಂದ. ಮೇಲೆ ಹೆಸರಿಲ್ಲ, ಹುಬ್ಬಳ್ಳಿಯಲ್ಲಿ ಕೊಂಡದ್ದು. ಗೊಡಚಿ ಜಾತ್ರೆಯಲ್ಲಿ ತಂದ ಸಂಗ್ಯಾ ಬಾಳ್ಯಾ ಸಣ್ಣಾಟದ ಸಿಡಿ ಇನ್ನೂ ಒಳಗೇ ಇತ್ತು. ಅದನ್ನು ತೆಗೆದು ಅಮೆರಿಕದ್ದೊಂದು ಹಾಕಿದೆವು. ಮರುಮಾತಿಲ್ಲದೆ ಶುರುವಾಯಿತು. ಇದರ ವಲಯ ಯಾವುದೆಂದು ನಮ್ಮವ ಕೇಳಿದ.

"ಎಂಥಾ ವಲಯ್ರೀ ಅಣ್ಣಾ, ಹಾಕಿದ್ರ ನಡೀತೈತ್ರಿ."

ಚಿತ್ರ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಆ ಕೊನೆಯ ಗುಂಡಿಯನ್ನು ಅವನು ಇನ್ನೂ ಒತ್ತಿಲ್ಲ.