ಯಾರನ್ನು ಹಿಡಿದಿದ್ದೀರಿ? ಕೇಳುವ ಹಕ್ಕು ನಮ್ಮದು!



ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ಮುಂದೆ ದಿನಾ ಓಡಾಡುತ್ತೀರಿ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ಒಳಗೂ ಹೋಗಿ ಬಂದಿರುತ್ತೀರಿ. ಆದರೆ ಆ ಠಾಣೆಯ ನೋಟಿಸ್ ಬೋರ್ಡನ್ನು ಯಾವತ್ತಾದರೂ ನಿಂತು ಓದಿದ್ದೀರಾ? ಸೈಬರ್ ಕಳ್ಳರ ಬಗ್ಗೆ ಎಚ್ಚರಿಕೆ ಇರುತ್ತದೆ. ಸಾಹೇಬರುಗಳ ಫೋನ್ ನಂಬರು ಇರುತ್ತದೆ. ಅದರ ಪಕ್ಕದಲ್ಲಿ ಇರಲೇಬೇಕಾದ ಇನ್ನೊಂದು ಪಟ್ಟಿ ಇದೆ: ಆ ಠಾಣೆಯವರು ದಸ್ತಗಿರಿ ಮಾಡಿದವರ ಪಟ್ಟಿ. ಹೆಸರು, ವಿಳಾಸ, ಹೊರಿಸಿದ ಆರೋಪ ಯಾವುದು ಎಂಬುದು. ಯಾರೋ ದೊಡ್ಡ ಮನಸ್ಸು ಮಾಡಿ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ ಎನ್ನುವ ವಿಷಯ ಇದಲ್ಲ. ಸಂಸತ್ತು ಮಾಡಿದ ಕಾನೂನು ಇದು.

ನಿಮ್ಮ ಠಾಣೆಯಲ್ಲಿ ಆ ಪಟ್ಟಿ ಇದೆಯೋ ಇಲ್ಲವೋ, ನಾಳೆ ಬೆಳಗ್ಗೆ ಹೋಗಿ ನೀವೇ ನೋಡಿ. ಇದ್ದರೆ ಸಂತೋಷ. ಇಲ್ಲದಿದ್ದರೆ ಏನು ಮಾಡಬೇಕು ಎಂದು ಹೇಳುವುದಕ್ಕೇ ಈ ಲೇಖನ.

ಈ ಕಾನೂನು ಆಕಾಶದಿಂದ ಉದುರಲಿಲ್ಲ. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಕಾರ್ಯಾಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಲಾಕಪ್ಪಿನಲ್ಲಿ ಜನ ಸಾಯುತ್ತಿದ್ದಾರೆ, ನೋಡಿ ಎಂದು ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಮುಂದಿಟ್ಟರು. ಆ ಕಾಗದವನ್ನೇ ಕೋರ್ಟು ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಹತ್ತು ವರ್ಷ ಕಳೆದು, 1996ರ ಡಿಸೆಂಬರ್ 18ರಂದು ತೀರ್ಪು ಬಂತು. ದಸ್ತಗಿರಿ ಮಾಡುವಾಗ ಪೊಲೀಸರು ಪಾಲಿಸಬೇಕಾದ 11 ನಿಯಮಗಳನ್ನು ಕೋರ್ಟು ಹಾಕಿತು. ಹಿಡಿಯುವವನ ಎದೆಯ ಮೇಲೆ ಅವನ ಹೆಸರು ಕಾಣಬೇಕು. ಹಿಡಿದ ಜಾಗದಲ್ಲೇ ದಿನಾಂಕ, ಸಮಯ ಬರೆದು ದಸ್ತಗಿರಿ ಮೆಮೊ ಮಾಡಬೇಕು. ಮನೆಯವರೋ ಆ ಊರಿನ ಮರ್ಯಾದಸ್ಥರೋ ಒಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಿ, ಅಲ್ಲಿನ ಬೋರ್ಡಿನ ಮೇಲೆ ಹಾಕಬೇಕು.

ಯಾಕೆ ಇಷ್ಟು ಹಟ? ಹೆಸರು ಬರೆದಿಟ್ಟವನನ್ನು ಮಾಯ ಮಾಡುವುದು ಕಷ್ಟ. ಯಾವ ಪುಸ್ತಕದಲ್ಲೂ ಇಲ್ಲದವನಿಗೆ ಏನಾದರೂ ಕೇಳುವವರಿಲ್ಲ. ಲಾಕಪ್ಪಿನ ಕತ್ತಲೆಗೆ ಮೊದಲ ದೀಪವೇ ಆ ಹೆಸರು.

2010ರ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಇದು ದಂಡ ಪ್ರಕ್ರಿಯಾ ಸಂಹಿತೆಯ 41ಸಿ ಕಲಮಾಗಿ ಜಾರಿಗೆ ಬಂತು. 2024ರ ಜುಲೈ 1ರಿಂದ ಆ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ದೆಹಲಿಯವರು ಇಟ್ಟ ಹೆಸರಿನ ಬಗ್ಗೆ ನಮ್ಮ ತಕರಾರು ಇದ್ದೇ ಇದೆ. ಆದರೆ ಒಳಗಿರುವ 37ನೇ ಕಲಮನ್ನು ಬಿಡಬೇಡಿ. ಪ್ರತಿ ಜಿಲ್ಲೆಯಲ್ಲಿ, ಪ್ರತಿ ಠಾಣೆಯಲ್ಲಿ ಎ.ಎಸ್.ಐ. ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಆರೋಪದ ಲೆಕ್ಕ ಇಡಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವ ಹಾಗೆ ಹಾಕಬೇಕು. ಡಿಜಿಟಲ್ ಪರದೆಯ ಮೇಲೆ ಹಾಕಿದರೂ ನಡೆಯುತ್ತದೆ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡದ್ದನ್ನೂ ಗಮನಿಸಿ. ಹಳೆಯ 41ಸಿ ಪ್ರಕಾರ ಬೋರ್ಡಿನ ಮೇಲೆ ದಸ್ತಗಿರಿ ಮಾಡಿದ ಅಧಿಕಾರಿಯ ಹೆಸರು, ಹುದ್ದೆ ಕೂಡ ಬರಬೇಕಿತ್ತು. ಹೊಸ ಕಲಮಿನಲ್ಲಿ ಹಿಡಿಸಿಕೊಂಡವನ ಹೆಸರು ಉಳಿದಿದೆ, ಹಿಡಿದವನ ಹೆಸರು ಬಿಟ್ಟುಹೋಗಿದೆ! ಅದಕ್ಕೇ ದಸ್ತಗಿರಿ ಮೆಮೊ ಮುಖ್ಯ. 36ನೇ ಕಲಮಿನಂತೆ ಮೆಮೊ ಈಗಲೂ ಕಡ್ಡಾಯ, ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವುದೂ ಕಡ್ಡಾಯ.

ನಾನು ಪ್ರೆಸ್ ಇಟ್ಟುಕೊಂಡವನು. ಮದುವೆ ಪತ್ರಿಕೆ, ಗಣೇಶನ ಚಂದಾ ರಸೀದಿ, ತಿಥಿ ಕಾರ್ಡು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಓದಿದ್ದು ಪಿ.ಯು.ಸಿ. ವಕೀಲನಲ್ಲ. ಆದರೂ ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಒಂದು ಕರಪತ್ರದಿಂದ. ಹೂವು ಮಾರುವ ಒಬ್ಬ ತಾಯಿ ಬಂದು, ‘ಮಗ ಎರಡು ದಿನದಿಂದ ಮನೆಗೆ ಬಂದಿಲ್ಲ ಅಣ್ಣಾ, ಕಾಣೆಯಾಗಿದ್ದಾನೆ ಅಂತ ಫೋಟೊ ಹಾಕಿ 500 ಕಾಪಿ ಮಾಡಿಕೊಡಿ’ ಅಂದರು. ಹತ್ತಿರದ ಠಾಣೆಗೆ ಹೋಗಿ ಕೇಳಿದ್ದರಂತೆ. ‘ಇಲ್ಲಿಲ್ಲ, ಹೋಗಮ್ಮ’ ಎಂದು ಕಳಿಸಿದ್ದರಂತೆ. ಕರಪತ್ರ ಅಚ್ಚಾಯಿತು, ತೆಗೆದುಕೊಂಡು ಹೋಗಲು ಆಕೆ ಬರಲಿಲ್ಲ. ಆಮೇಲೆ ಗೊತ್ತಾಯಿತು: ಹುಡುಗನನ್ನು ಹಿಡಿದಿದ್ದು ಬೇರೆ ಠಾಣೆಯವರು, ಅಷ್ಟು ಹೊತ್ತಿಗೆ ಅವನು ಜೈಲು ಸೇರಿಯಾಗಿತ್ತು. ಆ 500 ಕಾಪಿ ಇನ್ನೂ ನನ್ನ ಅಟ್ಟದ ಮೇಲಿವೆ. ಬಂಧಿತರ ಪಟ್ಟಿ ಎಲ್ಲಿ ನೋಡಬೇಕು ಎಂದು ಆ ತಾಯಿಗೆ ಒಬ್ಬರು ಹೇಳಿದ್ದರೆ ಸಾಕಿತ್ತು.

ಹಾಗಾದರೆ ಎಲ್ಲಿ ನೋಡಬೇಕು, ಹೇಗೆ ಕೇಳಬೇಕು?

ಮೊದಲು ಠಾಣೆಯ ಬೋರ್ಡು. ಅಲ್ಲಿಲ್ಲದಿದ್ದರೆ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮ್, ನಗರದಲ್ಲಾದರೆ ಕಮಿಷನರ್ ಕಚೇರಿ. ‘37ನೇ ಕಲಮಿನ ಪಟ್ಟಿ ಎಲ್ಲಿದೆ, ಅದಕ್ಕೆ ನೇಮಿಸಿದ ಅಧಿಕಾರಿ ಯಾರು?’ ಎಂದು ಕಲಂ ನಂಬರು ಹೇಳಿ ಕೇಳಿ. ಬರಿಗೈಯಲ್ಲಿ ಹೋದವನನ್ನು ಗದರುವ ರೈಟರ್ ಕೂಡ ಕಲಂ ನಂಬರು ಕೇಳಿದರೆ ತಲೆ ಎತ್ತಿ ನೋಡುತ್ತಾನೆ.

ಎರಡನೆಯದು ಎಫ್.ಐ.ಆರ್. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಎಫ್.ಐ.ಆರ್. ಆದ 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು. ನೆಟ್‌ವರ್ಕ್ ಇಲ್ಲದ ಕಡೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಆದರೆ ಎಫ್.ಐ.ಆರ್. ಬೇರೆ, ದಸ್ತಗಿರಿ ಬೇರೆ. ಎಫ್.ಐ.ಆರ್.ನಲ್ಲಿ ಹೆಸರಿದ್ದವರನ್ನೆಲ್ಲ ಹಿಡಿದಿರುವುದಿಲ್ಲ. ಹಿಡಿದವರ ಹೆಸರೆಲ್ಲ ಎಫ್.ಐ.ಆರ್.ನಲ್ಲಿ ಇರುವುದೂ ಇಲ್ಲ.

ಮೂರನೆಯದು ಕೋರ್ಟು. ದಸ್ತಗಿರಿಯಾದವನನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಎಫ್.ಐ.ಆರ್. ನಂಬರು, ಠಾಣೆಯ ಹೆಸರು ಕೊಟ್ಟು ದುಡ್ಡಿಲ್ಲದೆ ಹುಡುಕಬಹುದು.

ನಾಲ್ಕನೆಯದು ಮಾಹಿತಿ ಹಕ್ಕು. 2005ರ ಕಾಯ್ದೆ. 10 ರೂಪಾಯಿ ಶುಲ್ಕ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ ಬರಬೇಕು. ಅರ್ಜಿಯ ತಲೆಯ ಮೇಲೇ ‘7(1)ನೇ ಕಲಮಿನಂತೆ 48 ಗಂಟೆಯ ಅರ್ಜಿ’ ಎಂದು ಬರೆಯಿರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಪುರಾಣ ಬರೆಯಬೇಡಿ. ‘ಇಂಥ ತಿಂಗಳಲ್ಲಿ ನಿಮ್ಮ ಠಾಣೆಯಲ್ಲಿ ಎಷ್ಟು ದಸ್ತಗಿರಿ ಆಯಿತು, 37ನೇ ಕಲಮಿನ ಪಟ್ಟಿಯನ್ನು ಎಲ್ಲಿ ಪ್ರದರ್ಶಿಸಿದ್ದೀರಿ, ಅದರ ಪ್ರತಿ ಕೊಡಿ’ ಎಂದರೆ ಸಾಕು. ತಪ್ಪು ಕಚೇರಿಗೆ ಕೊಟ್ಟರೂ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು. ತನಿಖೆಗೆ ತೊಂದರೆ ಎಂದು 8(1)(ಎಚ್) ತೋರಿಸಿ ತಳ್ಳಿಹಾಕುವವರೂ ಇರುತ್ತಾರೆ. ಬೋರ್ಡಿನ ಮೇಲೆ ಹಾಕಲೇಬೇಕಾದ ಹೆಸರಿನಿಂದ ತನಿಖೆಗೆ ಏನು ತೊಂದರೆ ಎಂದು ಮೇಲ್ಮನವಿಯಲ್ಲಿ ಕೇಳಿ.

ಇನ್ನೊಂದು ಮಾತು, ಚಳವಳಿಯ ಹುಡುಗರಿಗೆ. ಬಂದ್ ದಿನ ನಿಮ್ಮನ್ನು ಬಸ್ಸಿಗೆ ತುಂಬಿ ಯಾವುದೋ ಮೈದಾನಕ್ಕೆ ಒಯ್ಯುತ್ತಾರೆ. ‘ವಶಕ್ಕೆ ತಗೊಂಡಿದ್ದೇವೆ’, ‘ವಿಚಾರಣೆಗೆ ಕರಕೊಂಡು ಬಂದಿದ್ದೇವೆ’ ಎನ್ನುತ್ತಾರೆ. ದಸ್ತಗಿರಿ ಎಂಬ ಮಾತು ಮಾತ್ರ ಬಾಯಿಂದ ಬರುವುದಿಲ್ಲ. ಆ ಮಾತು ಬಂದರೆ ಮೆಮೊ ಬರೆಯಬೇಕು, ಪಟ್ಟಿ ಹಾಕಬೇಕು, ಮನೆಗೆ ತಿಳಿಸಬೇಕು! ಮುಂಜಾಗ್ರತೆಯ 170ನೇ ಕಲಮಿನಲ್ಲಿ ಹಿಡಿದರೂ ಅದು ದಸ್ತಗಿರಿಯೇ. ‘ಇದು ದಸ್ತಗಿರಿಯೋ ಅಲ್ಲವೋ? ಹೌದಾದರೆ ಮೆಮೊ ಎಲ್ಲಿ? ಅಲ್ಲವಾದರೆ ನಾವು ಹೊರಟೆವು’ ಎಂದು ವಿನಯದಿಂದಲೇ ಕೇಳಿ. ಹೊರಗಿರುವ ಗೆಳೆಯರು ಹೆಸರುಗಳ ಪಟ್ಟಿ ಹಿಡಿದು ಕಂಟ್ರೋಲ್ ರೂಮಿಗೆ ಹೋಗಲಿ. ವಕೀಲರಿಗೆ ಕಾಸಿಲ್ಲದವರು ಕಾನೂನು ಸೇವೆಯ 15100 ನಂಬರಿಗೆ ಫೋನು ಮಾಡಲಿ. ಪೊಲೀಸರ ವಶದಲ್ಲಿರುವವನಿಗೆ ಉಚಿತ ವಕೀಲ ಸಿಗುವುದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಹಕ್ಕು.

ಇನ್ನು ನಮ್ಮ ಭಾಷೆಯ ಪ್ರಶ್ನೆ. ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಹಾಕಿದವನಿಗೆ ಕಾನೂನು ಇದ್ದೂ ಇಲ್ಲದ ಹಾಗೆ. 1962ರಲ್ಲೇ ಹರಿಕಿಶನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸ್ಥಾನಬದ್ಧತೆಯ ಕಾರಣಗಳನ್ನು ಆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ಹೇಳಿತ್ತು. ಇಂಗ್ಲಿಷ್ ಆಡಳಿತ ಭಾಷೆ ಎಂಬ ಸಬೂಬು ನಡೆಯಲಿಲ್ಲ. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಮೊಕದ್ದಮೆಯಲ್ಲಿ ಕೋರ್ಟು ಇನ್ನೂ ಮುಂದೆ ಹೋಗಿದೆ: ಅಪರಾಧ ಯಾವುದೇ ಇರಲಿ, ದಸ್ತಗಿರಿಯ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು. ಹಿಡಿದ ಹೊತ್ತಿನಲ್ಲಿ ಆಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಮಾಹಿತಿ ಹಕ್ಕಿನ ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದೆಂದು 6(1)ನೇ ಕಲಮೇ ಹೇಳುತ್ತದೆ. 1963ರ ಕಾಯ್ದೆಯಿಂದ ಇಲ್ಲಿನ ಆಡಳಿತ ಭಾಷೆ ಕನ್ನಡ. ಹಾಗಾಗಿ ಕನ್ನಡದಲ್ಲೇ ಬರೆಯಿರಿ, ಕನ್ನಡದಲ್ಲೇ ಉತ್ತರ ಕೇಳಿ.

ಇದೇ ನ್ಯಾಯ ಒಡಿಶಾದಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವನಿಗೂ ಸಲ್ಲಬೇಕು. ಅವನಿಗೆ ಒಡಿಯಾದಲ್ಲಿ ಹೇಳಲಿ. ಆಗಲೇ ಮುಂಬೈಯಲ್ಲಿ ಸಿಕ್ಕಿಬಿದ್ದ ನಮ್ಮ ಕಲಬುರಗಿಯ ಹುಡುಗನಿಗೆ ಕನ್ನಡದಲ್ಲಿ ಹೇಳಿ ಎಂದು ಕೇಳುವ ಬಾಯಿ ನಮಗಿರುತ್ತದೆ.

ಎಲ್ಲ ಕಾಗದವೂ ಎಲ್ಲರಿಗೂ ಸಿಗುವುದಿಲ್ಲ, ಸಿಗಲೂಬಾರದು. ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಕ್ಕಳ ಗುರುತನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಮುಚ್ಚಿಡುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹೊರಹಾಕುವುದು ಅಪರಾಧ. ಪೊಲೀಸರ ಕೇಸ್ ಡೈರಿ ಸಾರ್ವಜನಿಕರಿಗಲ್ಲ. ದೋಷಾರೋಪ ಪಟ್ಟಿಗಳನ್ನೆಲ್ಲ ಜಾಲತಾಣಕ್ಕೆ ಹಾಕಬೇಕಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಕ್ಕದ ಮನೆಯವನ ಪೂರ್ವಾಪರವೆಲ್ಲ ತೆಗೆದುಕೊಡುವ ಕೌಂಟರ್ ಯಾವ ಠಾಣೆಯಲ್ಲೂ ಇಲ್ಲ. ಅಂಥದ್ದು ಬೇಡವೂ ಬೇಡ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಬಂಧಿತನ ಫೋಟೊ ತಂದು ‘ಕಳ್ಳ ಸಿಕ್ಕಿದ, ಎಚ್ಚರ’ ಎಂದು ಪೋಸ್ಟರ್ ಹಾಕಿಕೊಡಿ ಎನ್ನುವವರು ನನ್ನ ಅಂಗಡಿಗೂ ಬರುತ್ತಾರೆ. ವಾಪಸು ಕಳಿಸುತ್ತೇನೆ. ಕೋರ್ಟು ಹೇಳುವವರೆಗೆ ಅವನು ಆರೋಪಿ ಮಾತ್ರ. ಬಂಧಿತರ ಪಟ್ಟಿ ನಮಗೆ ಹೇಳುವುದು ಪೊಲೀಸರು ಏನು ಮಾಡಿದರು ಎಂಬುದನ್ನು. ಆ ಮನುಷ್ಯ ಏನು ಮಾಡಿದ ಎಂದು ಹೇಳುವ ಕೆಲಸ ಕೋರ್ಟಿನದು. ಈ ವ್ಯತ್ಯಾಸ ತಿಳಿಯದೆ ಆ ಪಟ್ಟಿಯನ್ನು ವಾಟ್ಸಾಪಿನಲ್ಲಿ ಹರಿಬಿಟ್ಟು ಒಬ್ಬನ ಮನೆಯ ಮಾನ ಕಳೆದರೆ, ಪಟ್ಟಿ ಮುಚ್ಚಿಡುವವರ ಕೈಗೆ ನಾವೇ ಕಾರಣ ಕೊಟ್ಟ ಹಾಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ವರ ಬಂದು ಎಷ್ಟೋ ವರ್ಷವಾಯಿತು. ಪೂಜಾರಿಯ ಬಾಗಿಲು ತಟ್ಟುವವರು ಬೇಕು. ಪ್ರತಿ ಬಡಾವಣೆಯಲ್ಲಿ ನಾಲ್ಕು ಜನ ಸೇರಿ, ತಿಂಗಳಿಗೊಂದು ಸಲ ನಿಮ್ಮ ಠಾಣೆಯ ಬೋರ್ಡು ಓದಿ ಬನ್ನಿ. ಪಟ್ಟಿ ಇಲ್ಲದಿದ್ದರೆ ಅಂದೇ ಕನ್ನಡದಲ್ಲೊಂದು ಅರ್ಜಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಜಗಳ ಬೇಡ, ಕೂಗಾಟ ಬೇಡ. ನಾಲ್ಕು ತಿಂಗಳು ತಪ್ಪದೆ ಹೋದರೆ ನಿಮ್ಮ ಮುಖ ಕಂಡ ಕೂಡಲೇ ಪಟ್ಟಿ ಬೋರ್ಡಿಗೆ ಬರುತ್ತದೆ.